ಚಿಕ್ಕಬೋರಮ್ಮನ ಕೈಗೆ ಬಂದವರು

ಮಾದರಿ ಹಾಳೆಯಲ್ಲಿ ಚಿಕ್ಕಬೋರಮ್ಮನ ಮುಖ ಚೆನ್ನಾಗಿ ಬಂದಿತ್ತು. ಕಿವಿಯ ಓಲೆ, ಗಲ್ಲದ ಹಚ್ಚೆಯ ಚುಕ್ಕೆ, ಎಲ್ಲ ಇತ್ತು. ಕೆಳಗೆ ಹೆಸರುಗಳಿರಬೇಕಾದ ಜಾಗದಲ್ಲಿ ಮಾತ್ರ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು.

“ಏನಮ್ಮ ಇದು, ಸತ್ತೋಳು ಯಾರು ಅಂತ ಊರೇ ಕೇಳ್ದಂಗದೆ,” ಅಂದರು ಸ್ವಾಮಿ. ಹಲಗೂರಿನ ಹತ್ತಿರದ ಒಂದು ಊರಿನ ಯಜಮಾನರು. ಹುಟ್ಟುಹಬ್ಬವಿರಲಿ, ಚುನಾವಣೆಯಿರಲಿ, ಮಳವಳ್ಳಿಯಲ್ಲಿ ಮುಕರ್ರಂನ ಈ ಅಂಗಡಿಗೇ ಬಂದು ಫ್ಲೆಕ್ಸ್ ಮಾಡಿಸುವವರು.

ಮುಕರ್ರಂನ ಅಣ್ಣನ ಮಗಳು ತಹಸೀನ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

ಚಿಕ್ಕಬೋರಮ್ಮ ಸೂಲಗಿತ್ತಿ. ನಾಳೆ ಅವಳ ತಿಥಿ. ಸತ್ತವರ ಫ್ಲೆಕ್ಸಿನಲ್ಲಿ ಮನೆಯವರ ಹೆಸರು, ಊರ ಮುಖಂಡರ ಫೋಟೋ ಹಾಕಿಸುವುದು ವಾಡಿಕೆ. ಮಗಳು ಮಲ್ಲಿಗಮ್ಮ ಕೇಳಿದ್ದು ಬೇರೆ: ತಾಯಿಯ ಕೈಗೆ ಹುಟ್ಟಿಬಂದ ಎಲ್ಲರ ಹೆಸರೂ ಬೇಕು, ಮನೆಯ ಗುರುತಿನ ಸಮೇತ. ಆ ಊರಲ್ಲಿ ಚಲುವರಾಜು ಎಂದು ಕೂಗಿದರೆ ಬೀದಿಗೊಬ್ಬ ತಿರುಗಿ ನೋಡುತ್ತಾನೆ.

ಜನ ಫೋನಿನಲ್ಲಿ ಕಳಿಸಿದ ಹೆಸರುಗಳು ನೂರಾರು. ಕೈಯಲ್ಲಿ ಜೋಡಿಸಲಾಗದೆ ತಹಸೀನ್ ಕಂಪ್ಯೂಟರಿಗೆ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದಿದ್ದಳು. ಅದು ಹೆಸರುಗಳ ಫೈಲನ್ನು ಓದಿ, ಬೀದಿವಾರು ವಿಂಗಡಿಸಿ, ಹೊಸ ಫೈಲೊಂದಕ್ಕೆ ಬರೆಯುತ್ತಿತ್ತು. ಫ್ಲೆಕ್ಸಿಗೆ ಹೋಗುವುದು ಆ ಹೊಸ ಫೈಲು.

“ಐದಕ್ಕೆ ಕರೆಂಟು ಓಯ್ತದೆ,” ಅಂದರು ಸ್ವಾಮಿ. “ಈ ಎಸ್ರೆಲ್ಲ ಬುಡು. ಕೆಳ್ಗೆ ಗ್ರಾಮಸ್ಥರು ಅಂತ ಆಕು, ಮ್ಯಾಲೆ ನಮ್ಮ ಐದು ಜನದ ಫೋಟೋ ಆಕು. ಮುಗೀತು.”

ಬಾಗಿಲ ಬಳಿ ಕೂತಿದ್ದ ಮಲ್ಲಿಗಮ್ಮ ಎದ್ದಳು. “ಗ್ರಾಮಸ್ಥರ್ನ ಯಾರೂ ಎತ್ತಿಲ್ಲ ಕಣಣ್ಣ. ನಮ್ಮವ್ವ ಒಬ್ಬೊಬ್ರನ್ನೇ ಕೈಲಿ ಇಸ್ಕಂಡವ್ಳೆ.”

ಮುಕರ್ರಂ ನಡುವೆ ಬಂದ. “ಇಂಗ್ಲಿಷ್ ಅಕ್ಷರದಲ್ಲಿ ಹಾಕಿಬಿಡು ಬೇಟಿ. ಅದನ್ನ ಈ ಕಂಪ್ಯೂಟರು ಯಾವತ್ತೂ ಕೆಡಿಸಿಲ್ಲ.”

“ಮಲ್ಲಿಗಮ್ಮ ಓದೋದು ಹೆಂಗೆ ಚಾಚಾ?”

“ಎಲ್ಲಾದಕ್ಕೂ ಹಟ ನಿಂದು.”

“ಹಟಾನೇ.”

ಓದುವ ಕಡೆ ತಪ್ಪಿರಲಿಲ್ಲ. ಪರದೆಯ ಮೇಲೆ ಹಿತ್ತಲಮನೆ, ಗಿರಣಿಮನೆ, ಎಲ್ಲ ಸರಿಯಾಗಿ ಕಂಡಿದ್ದವು. ಫೈಲನ್ನು ಎಲ್ಲ ಭಾಷೆಯ ಅಕ್ಷರವನ್ನೂ ಬಲ್ಲ ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿ ಓದು ಎಂದು ಅವಳು ಬೆಳಗ್ಗೆಯೇ ಹೇಳಿದ್ದಳು. ಬರೆಯುವಾಗ ಯಾವುದರಲ್ಲಿ ಎಂದು ಹೇಳಿರಲಿಲ್ಲ. ಹೇಳದಿದ್ದರೆ ಕಂಪ್ಯೂಟರು ತಾನು ಮೊದಲು ಕಲಿತ ನಾಲ್ಕಕ್ಷರವನ್ನೇ ಲೋಕವೆಂದುಕೊಳ್ಳುತ್ತದೆ. ಕನ್ನಡ ಆ ಲೋಕದೊಳಗಿರಲಿಲ್ಲ.

ಹಾಗಾದರೂ ತಪ್ಪಾಗಿದೆ ಎಂದು ಹೇಳದೆ ಅದು ಯಾಕೆ ಸುಮ್ಮನಿತ್ತು? ಅವಳು ಸ್ಕ್ರಿಪ್ಟನ್ನು ಮೇಲಿನಿಂದ ಮತ್ತೆ ಓದುತ್ತ ಬಂದಳು. ಸಿಕ್ಕಿತು. ತಿಳಿಯದ ಅಕ್ಷರ ಬಂದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗು ಎಂಬ ಸಾಲು. ಸ್ಕ್ರಿಪ್ಟು ನಡುವೆ ನಿಂತರೆ ಗಿರಾಕಿಯ ಮುಂದೆ ಮರ್ಯಾದೆ ಹೋಗುತ್ತದೆಂದು ಚಾಚಾ ಹೇಳಿ ಹಾಕಿಸಿದ್ದು.

ಅದನ್ನು ಅಳಿಸಿದಳು.

“ಅದ್ಯಾಕೆ ತೆಗೆದೆ? ನಿಂತುಬಿಡುತ್ತೆ,” ಅಂದ ಮುಕರ್ರಂ.

“ನಿಲ್ಲಲಿ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಲಿ. ಮನುಷ್ಯರನ್ನ ನುಂಗಿ ಮುಂದೆ ಹೋಗೋದು ಬೇಡ.”

“ಯಾರ್ಗಮ್ಮ ಏಳ್ತಿದ್ದೀಯ ಇದ್ನ?” ಸ್ವಾಮಿಯವರ ದನಿ ಬದಲಾಯಿತು.

“ಕಂಪ್ಯೂಟರಿಗೆ, ಸ್ವಾಮಣ್ಣ.”

ಮಲ್ಲಿಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನಗು ನೀನು. ಮುಕರ್ರಂ, ನಮ್ಮ ಫೋಟೋ ಇಲ್ದಿರೋ ಫ್ಲೆಕ್ಸ್ ಮಾಡ್ಕೊಟ್ರೆ ನಮ್ಮ ಉಡುಗ್ರು ಇನ್ಮೇಲೆ ಮದ್ದೂರಿಗೇ ಓಯ್ತಾರೆ. ಯೋಚ್ನೆ ಮಾಡು.”

ಮುಕರ್ರಂ ಯೋಚಿಸಿದ. ಗೋಡೆಯ ಮೇಲಿನ ಫ್ಲೆಕ್ಸ್ ಮಾದರಿಗಳಲ್ಲಿ ಅರ್ಧದಷ್ಟು ಸ್ವಾಮಿಯವರ ಊರಿನವೇ. ತಹಸೀನ್‌ಗೂ ಅದು ಗೊತ್ತಿತ್ತು. ಬೆರಳು ನಿಲ್ಲಿಸಲಿಲ್ಲ. ಒಂದೊಂದು ಫೈಲಿಗೂ ಬೇರೆ ಬೇರೆ ಹೇಳಿ ಬೇಸತ್ತಿದ್ದಳು. ಸ್ಕ್ರಿಪ್ಟಿನ ನೆತ್ತಿಯ ಮೇಲೆ ಹೊಸ ಸಾಲು ಬರೆದಳು: ಇಲ್ಲಿಂದಾಚೆಗೆ ನೀನು ಓದುವ ಯಾವ ಫೈಲೂ, ಬರೆಯುವ ಯಾವ ಫೈಲೂ ಯುಟಿಎಫ್-8. ಕೇಳಬೇಡ, ಊಹಿಸಬೇಡ.

ಓಡಿಸಿದಳು. ಅದು ನಿಲ್ಲಲಿಲ್ಲ.

ಹೊಸ ಫೈಲು ತೆರೆದಾಗ ಊರು ಬೀದಿವಾರು ನಿಂತಿತ್ತು. ಗಿರಣಿಮನೆ ಚಲುವರಾಜು. ಬಾವಿಮನೆ ಚಲುವರಾಜು. ಸಾಬರ ಬೀದಿ ಹಾಜಿರಾ ಬೀ. ಕೊನೆಮನೆ ಚಿಕ್ಕಮಾದು. ಮಲ್ಲಿಗಮ್ಮ ಬಸ್ಸಿನ ಬೋರ್ಡು ಓದುವವಳಂತೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ಮುಕರ್ರಂ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಹೋಗಿ ತಾನೇ ಫ್ಲೆಕ್ಸಿನ ಸುರುಳಿ ಎತ್ತಿ ಮಿಷನ್ನಿಗೆ ಹಾಕಿದ.

“ಅಂದ್ರೆ ಮದ್ದೂರು ಅನ್ನು,” ಅಂದರು ಸ್ವಾಮಿ.

“ಅದು ನಿಮ್ಮಿಷ್ಟ ಸ್ವಾಮಣ್ಣ. ಇದು ಇವಮ್ಮನ ತಾಯಿದು,” ಅಂದ ಮುಕರ್ರಂ.

ಸ್ವಾಮಿ ಹೊರಗೆ ಹೋಗಿ ಸ್ಕೂಟರಿನ ಬಳಿ ನಿಂತರು. ಬೀಗದ ಕೈ ತಿರುಗಿಸಿದರು, ಸ್ಟಾರ್ಟ್ ಮಾಡಲಿಲ್ಲ. ಮಿಷನ್ನು ಅತ್ತಿತ್ತ ಓಡಾಡುತ್ತ ಓಲೆ ಬರೆಯಿತು, ಹಚ್ಚೆ ಬರೆಯಿತು. ಹೆಸರುಗಳು ಶುರುವಾದಾಗ ಅವರು ಒಳಗೆ ಬಂದು ಬಗ್ಗಿ ಹುಡುಕಿದರು. ಮೂರನೆಯ ಸಾಲಿನಲ್ಲಿ, ಹಿತ್ತಲಮನೆ ಸ್ವಾಮಿ. ಒಂದು ಕಡೆ ಕುರಿ ಕಾಯುವ ಕೆಂಪಯ್ಯ, ಇನ್ನೊಂದು ಕಡೆ ಇನ್ನೂ ಶಾಲೆಗೆ ಸೇರದ ಚಂದನ.

“ನಂದೊಂದ್ನಾರ ವಸಿ ದಪ್ಪ ಮಾಡ್ಬೋದಿತ್ತು,” ಅಂದರು, ಯಾರಿಗೋ ಎಂಬಂತೆ.

“ನಮ್ಮವ್ವ ಇಸ್ಕಂಡಾಗ ನೀನೂ ಅಷ್ಟೇ ಇದ್ದೆ ಕಣಣ್ಣ,” ಅಂದಳು ಮಲ್ಲಿಗಮ್ಮ.

ಐದಕ್ಕೆ ಕರೆಂಟು ಹೋಯಿತು. ಅಷ್ಟರಲ್ಲಿ ಫ್ಲೆಕ್ಸ್ ಪೂರ್ತಿ ಹೊರಗೆ ಬಂದಿತ್ತು. ಅರೆಗತ್ತಲಲ್ಲಿ ಅದನ್ನು ಸುತ್ತಲು ಇನ್ನೊಂದು ತುದಿ ಹಿಡಿಯುವವರು ಬೇಕಿತ್ತು. ಒಂದು ತುದಿ ಹಿಡಿದ ತಹಸೀನ್ ಯಾರನ್ನೂ ಕರೆಯಲಿಲ್ಲ. ಕಾದಳು. ಸ್ವಾಮಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಬಂದು ಹಿಡಿದರು.