ಮಡ್‌ಗಾರ್ಡಿನಿಂದ ಬಾಗಿಲಿಗೆ

ನಾನು ಒಂದು ಕನ್ನಡಿ. ಮುಖ ನೋಡಿಕೊಳ್ಳುವ ಕನ್ನಡಿಯಲ್ಲ. ಕಾರಿನ ಹೊರಗೆ ಕೂತು ಹಿಂದೆ ಬರುವವರನ್ನು ತೋರಿಸುವ ದುಂಡು ಕನ್ನಡಿ. ಹುಟ್ಟಿದ್ದು ಮೈಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಆಮೇಲೆ ಬಿಡಿಭಾಗಗಳ ಅಂಗಡಿಯ ಡಬ್ಬದಲ್ಲಿ ಕೆಲವು ವರ್ಷ ಧೂಳು ತಿಂದೆ.

ನನ್ನನ್ನು ಕೊಂಡವರು ನಿವೃತ್ತ ಟೀಚರ್ ಕಮಲಾಕ್ಷಮ್ಮ. ಅವರ ಅರವತ್ತೆರಡನೇ ಇಸವಿಯ ಫಿಯೆಟ್ ಕಾರಿಗೆ ಹೊರಗೆ ಕನ್ನಡಿಯೇ ಇರಲಿಲ್ಲ. ಅಷ್ಟು ವರ್ಷ ಕತ್ತು ತಿರುಗಿಸಿ ನೋಡಿಯೇ ಓಡಿಸಿದ್ದರು. ಈಗ ಕತ್ತು ಹಿಡಿದುಕೊಂಡಿತ್ತು. ಒಂದು ಆಟೋಗೆ ಉಜ್ಜಿದ ಮೇಲೆ ಅವರ ಅಣ್ಣ ವಾಸುದೇವಮೂರ್ತಿಗಳು, ಇನ್ನೊಮ್ಮೆ ಹೀಗಾದರೆ ನೀನು ಕಾರು ಮುಟ್ಟುವ ಹಾಗಿಲ್ಲ ಎಂದಿದ್ದರು. ಒಂಟಿಯಾಗಿದ್ದ ಟೀಚರಮ್ಮನಿಗೆ ಆ ಕಾರೇ ಕಾಲು.

ನನ್ನನ್ನು ಎಲ್ಲಿ ಕೂರಿಸುವುದು? ಅಣ್ಣನಿಗೆ ಹಳೇ ಕಾರುಗಳ ಹುಚ್ಚು. ಮುಂದಿನ ಮಡ್‌ಗಾರ್ಡಿನ ಮೇಲಿದ್ದರೇ ಲಕ್ಷಣ, ಬಾಗಿಲಿಗೆ ಹಾಕಿದರೆ ಬಾಡಿಗೆ ಟ್ಯಾಕ್ಸಿಯ ಹಾಗೆ ಕಾಣುತ್ತದೆ ಎಂದರು. ಮೆಕ್ಯಾನಿಕ್ ಬಷೀರ್ ಸಾಬರು ಆರಡಿ ಆಳು. ತಾವೇ ಸೀಟಿನಲ್ಲಿ ಕೂತು ಕಣ್ಣಳತೆ ನೋಡಿ, ಇಳಿದು ಬಂದು ಗುರುತು ಹಾಕಿ ತೂತು ಕೊರೆದರು. ಎಲ್ಲರಿಗಿಂತ ಮುಂದೆ ಜಾಗ ಸಿಕ್ಕಿತೆಂದು ನಾನೂ ಬೀಗಿದೆ.

ಟೀಚರಮ್ಮ ಐದಡಿಯೂ ಇಲ್ಲ. ಅವರು ಕೂತರೆ ಸ್ಟೀರಿಂಗಿನ ಅಂಚಿಗೆ ನಾನು ಪೂರ್ತಿ ಮರೆ. ಆದರೂ ಯಾರಿಗೂ ಹೇಳಲಿಲ್ಲ. ತಿಳಿದವರು ಹಾಕಿದ್ದು, ತಮಗೇ ನೋಡಲು ಬರುತ್ತಿಲ್ಲ ಎಂದುಕೊಂಡರು. ಜೀವನವಿಡೀ ಮಕ್ಕಳ ತಪ್ಪು ತಿದ್ದಿದವರಿಗೆ ಇಂಥ ಸಂಕೋಚ! ನನಗೆ ಸಿಟ್ಟು ಬರುತ್ತಿತ್ತು. ಬಾಯಿಲ್ಲದವನು ಏನು ಮಾಡಲಿ?

ಒಂದು ಬೆಳಿಗ್ಗೆ ಅವರು ಬಲಕ್ಕೆ ತಿರುಗುವಾಗ ಹಿಂದಿನಿಂದ ಹಾಲಿನವನ ಸೈಕಲ್ ಬಂತು. ನನ್ನೊಳಗೆ ಅವನು ಸ್ಪಷ್ಟವಾಗಿ ಕಾಣುತ್ತಿದ್ದ, ಆದರೆ ನೋಡುವವರೇ ಇರಲಿಲ್ಲ. ಅವನ ಮೊಣಕಾಲು ತರಚಿತು, ಹಾಲು ರಸ್ತೆಪಾಲಾಯಿತು. ಸಂಜೆ ಅಣ್ಣ ಬಂದು ಕೀಲಿಕೈ ಇಸಿದುಕೊಂಡರು.

ನಗ್ಗಿದ ಜಾಗ ಸರಿಮಾಡಲು ಬಂದ ಬಷೀರ್ ಸಾಬರು, ಕನ್ನಡಿ ಇದ್ದೂ ಹೇಗಾಯಿತೆಂದು ಕೇಳಿದರು. ಟೀಚರಮ್ಮ ತಲೆ ತಗ್ಗಿಸಿ ನಿಜ ಹೇಳಿದರು. ಸಾಬರು ಅವರನ್ನು ಸೀಟಿನಲ್ಲಿ ಕೂರಿಸಿ, ಅವರ ಎತ್ತರಕ್ಕೆ ಬಗ್ಗಿ ನೋಡಿದರು. ಆಮೇಲೆ ಅಣ್ಣನ ಎದುರಿಗೇ ಹೇಳಿದರು:

"ಓಡ್ಸೋರು ನೀವು, ಕೂತು ನೋಡಿದ್ದು ನಾನು. ತಪ್ಪು ನಂದೇ ಅಮ್ಮ."

ಅಂದೇ ನಾನು ಬಾಗಿಲಿಗೆ ಬಂದೆ. ಮಡ್‌ಗಾರ್ಡಿನ ತೂತಿಗೆ ರಬ್ಬರ್ ಬಿರಡೆ ಬಿತ್ತು. ಅಣ್ಣ ಅದನ್ನು ನೋಡಿ ನಿಟ್ಟುಸಿರಿಟ್ಟರು. ಟೀಚರಮ್ಮ ಅವರಿಂದ ಕೀಲಿಕೈ ಕೇಳಿ ಪಡೆದು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನನ್ನೇ ನೋಡುತ್ತಾ, ಇಕ್ಕಟ್ಟಿನ ಓಣಿಯಲ್ಲಿ ಗೇಟಿನವರೆಗೂ ರಿವರ್ಸ್ ಬಂದರು. ಅಣ್ಣ ಕೀಲಿಕೈ ವಾಪಸ್ ಕೇಳಲಿಲ್ಲ.

ಹತ್ತು ವರ್ಷ ಓಡಿದೆವು. ಈಗ ಶೆಡ್ಡಿನಲ್ಲಿದ್ದೇವೆ; ನನ್ನ ಹಿಂಬದಿಯ ಬಣ್ಣ ಚಕ್ಕೆ ಏಳುತ್ತಿದೆ. ಕೊನೆಯ ಸಲ ಓಡಿದ ದಿನ ಟೀಚರಮ್ಮ ಮಾರ್ಕೆಟ್ಟಿನಿಂದ ಬಂದು, ನನ್ನನ್ನು ಸೆರಗಿನಲ್ಲಿ ಒರೆಸಿ, "ಇಷ್ಟು ಓಡಿಸಿದ್ದು ಸಾಕು" ಎಂದರು. ನಿಲ್ಲಿಸು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.