ವಿಮಾನದ ಬಾಯಿಗೆ ಹೂವು

ಗಾಳಿ ತೆಳುವಾದ ಕಡೆ ಎಂಜಿನ್‌ಗೆ ಪೆಟ್ರೋಲ್ ಕಡಿಮೆ ಕೊಡಬೇಕು. ಇಷ್ಟೇ ಮಾತು. ಇದನ್ನು ಪೆಲ್ಹಮ್ ದೊರೆಯ ತಲೆಗೆ ತುಂಬಲು ನಾನು ಒಂದಿಡೀ ಮಳೆಗಾಲ ಬಾಯಿ ನೋಯಿಸಿಕೊಂಡೆ.

ಪೊನ್ನಂಪೇಟೆ ಹತ್ತಿರ ಅವನ ಕಾಫಿ ತೋಟ. ಪಕ್ಕದ ಹುಲ್ಲಿನ ಬಾಣೆಯನ್ನು ಸಮ ಮಾಡಿಸಿ ಅಲ್ಲೊಂದು ಪುಟ್ಟ ವಿಮಾನ ಇಟ್ಟುಕೊಂಡಿದ್ದ. ಕಣ್ಣು ಮಂಜಾದ ಮೇಲೆ ಹಾರಿಸಲು ಬೇರೆಯವರು ಬೇಕಾಯಿತು. ಮದರಾಸಿನಲ್ಲಿ ಹಾರಾಟ ಕಲಿತು ಬಂದು, ಕೆಲಸವಿಲ್ಲದೆ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ನಾನು ಹೋಗಿ ನಿಂತೆ.

ಪೆಟ್ರೋಲ್ ಹೆಚ್ಚು ಕಡಿಮೆ ಮಾಡಲೆಂದೇ ಸೀಟಿನ ಪಕ್ಕ ಒಂದು ಲಿವರ್ ಇತ್ತು. ನಮ್ಮ ಬೆಟ್ಟದ ಗಾಳಿಗೆ ಅದನ್ನು ಸ್ವಲ್ಪ ಎಳೆಯದಿದ್ದರೆ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿಯಾಗಿ ಉಸಿರು ಕಟ್ಟುತ್ತದೆ. ದೊರೆಗೆ ಅದೆಲ್ಲ ಬೇಡ. ಮೋಡದ ಮಟ್ಟ ಏರುವ ತನಕ ಲಿವರ್ ಮುಟ್ಟಬಾರದು ಅಂತ ಅವನಿಗೆ ಯಾರೋ ಹೇಳಿದ್ದರಂತೆ. ಕಡೆಗೆ ನನ್ನ ಕಾಟ ತಾಳಲಾರದೆ ಹೇಳಿದ: "ನಾಳೆ ನಿನ್ನ ಹದದಲ್ಲೇ ಹಾರಿಸು. ಸರಿಯಾದರೆ ಕೆಲಸ ನಿನ್ನದು. ಕೆಟ್ಟರೆ ಮದರಾಸಿನ ಬಿಳಿಯವನನ್ನು ಕರೆಸುತ್ತೇನೆ."

ಆ ನಾಳೆ ಕೈಲ್ ಮುಹೂರ್ತವಾಗಿತ್ತು. ನಾಟಿ ಮುಗಿದ ಮೇಲೆ ಕೋವಿ ಕತ್ತಿಗಳಿಗೆ ಗಂಧ ಹಚ್ಚಿ ಪೂಜೆ ಮಾಡುವ ದಿನ. ಕೋವಿಯ ಬಾಯಿಗೆ ತೋಕ್‌ಪೂ ಎನ್ನುವ ಕೆಂಪು ಹಳದಿ ಹೂ ಸಿಕ್ಕಿಸುವುದು ನಮ್ಮ ಪದ್ಧತಿ. ಬೆಳಿಗ್ಗೆ ಅವ್ವ ಹೊಸ ಸೀರೆ ಉಟ್ಟು, ತಟ್ಟೆ ಹಿಡಿದು ಬಾಣೆಗೇ ಬಂದುಬಿಟ್ಟಳು.

"ನಿನ್ನ ಆಯುಧ ಇದೇ ಅಲ್ವಾ ಕುಂಞಿ? ಪೂಜೆ ಆಗದೆ ಮುಟ್ಟಬೇಡ."

"ಬೇಗ ಮುಗಿಸು ಅವ್ವ" ಎಂದು ದೊರೆಯನ್ನು ಕರೆಯಲು ಹೋದೆ. ಅವ್ವ ಪ್ರೊಪೆಲ್ಲರಿಗೆ ಗಂಧ ಹಚ್ಚಿ, ಇದರ ಬಾಯಿ ಎಲ್ಲಿ ಎಂದು ಹುಡುಕಿದಳು. ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ ಪಕ್ಕದಲ್ಲಿ ತೆರೆದುಕೊಂಡಿತ್ತು. ಹೂವನ್ನು ಅದರೊಳಗೆ ಭದ್ರವಾಗಿ ತುರುಕಿದಳು. ನಾನು ನೋಡಲಿಲ್ಲ.

ಎಂಜಿನ್ ಹತ್ತಿದ್ದೇ ಕಪ್ಪು ಹೊಗೆ. ನನಗೆ ಒಳಗೊಳಗೇ ಖುಷಿ! ನೋಡು ದೊರೆ, ಪೆಟ್ರೋಲ್ ಜಾಸ್ತಿ ಅಂದರೆ ಇದೇ. ಲಿವರ್ ಎಳೆದೆ, ಹೊಗೆ ನಿಲ್ಲಲಿಲ್ಲ. ಇನ್ನೂ ಎಳೆದೆ. ಎಂಜಿನ್ ಹದಕ್ಕೆ ಬಂತು. ಬಾಣೆಯ ತುದಿಯಲ್ಲಿ ಚಕ್ರ ನೆಲ ಬಿಟ್ಟಿತು.

ಅಷ್ಟರಲ್ಲಿ ಎಂಜಿನ್ ಆ ಹೂವನ್ನು ಹರಿದು ಒಳಗೆಳೆದುಕೊಂಡಿತು. ಹೂ ತಡೆದಿದ್ದ ಗಾಳಿ ಒಮ್ಮೆಗೇ ನುಗ್ಗಿತು. ನಾನು ಕಡಿಮೆ ಮಾಡಿದ್ದ ಪೆಟ್ರೋಲ್ ಆ ಗಾಳಿಗೆ ಎಲ್ಲಿ ಸಾಕು? ಪಟಪಟ ಸಿಡಿದು ಎಂಜಿನ್ ಸತ್ತಿತು. ಲಿವರ್ ಹಿಂದಕ್ಕೆ ತಳ್ಳುವಷ್ಟರಲ್ಲಿ ಹೊಸ ನಾಟಿಯ ಗದ್ದೆಯಲ್ಲಿ ಮೂಗೂರಿ ನಿಂತಿದ್ದೆ.

ಬಾಣೆಯಲ್ಲಿ ನಿಂತು ನೋಡುತ್ತಿದ್ದ ದೊರೆ ಕೆಸರು ತುಳಿದುಕೊಂಡು ಬಂದ. "ಲಿವರ್ ಮುಟ್ಟಬೇಡ ಅಂದಿದ್ದೆ!" ಎಂದು ಕಿರುಚುತ್ತಾ ಎಂಜಿನ್ ಸುತ್ತ ತಡಕಾಡಿದ. ಕೊಳವೆಯಿಂದ ಕೆಂಪು ಹಳದಿ ಎಸಳು ಅವನ ಬೆರಳಿಗೆ ಬಂತು. ಅವನ ಮುಖ ಕೆಂಡವಾಯಿತು. ತೋಟದ ಆಳುಗಳಿಂದ ಕಲಿತ ಕನ್ನಡದಲ್ಲಿ ಕೇಳಿದ:

"ಈ ಹೂ ಯಾವ ಕತ್ತೆ ಇಟ್ಟದ್ದು?"

ನನ್ನ ಹದ ತಪ್ಪಲ್ಲ ಎನ್ನುವುದಕ್ಕೆ ಸಾಕ್ಷಿ ಅವನ ಕೈಯಲ್ಲೇ ಇತ್ತು. ಹೆಸರು ಹೇಳಿದ್ದರೆ ಕೆಲಸ ಉಳಿಯುತ್ತಿತ್ತೋ ಏನೋ. ಅವ್ವ ಮೊಣಕಾಲುದ್ದ ಕೆಸರಲ್ಲಿ ಹೊಸ ಸೀರೆ ಎತ್ತಿ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಊರವರೆಲ್ಲ ಏರಿಯ ಮೇಲೆ ಸೇರಿದ್ದರು.

"ನಾನೇ ಇಟ್ಟದ್ದು ದೊರೆ."

"ತೊಲಗು" ಎಂದ.

ಮನೆ ದಾರಿಯಲ್ಲಿ ಅವ್ವ ನನ್ನನ್ನು ಹಿಂದೆ ಬಿಟ್ಟು ದಾಪುಗಾಲು ಹಾಕಿದಳು. ನನ್ನ ಕೆಲಸ ಹೋದ ದುಃಖ ಅಂದುಕೊಂಡೆ. ಅಂಗಳಕ್ಕೆ ಕಾಲಿಟ್ಟ ಮೇಲೆ ತಿರುಗಿ ನಿಂತಳು.

"ಅಷ್ಟು ಮೇಲಿಂದ ಬಿದ್ದರೂ ಜೀವ ಉಳಿದದ್ದು ನಾನಿಟ್ಟ ಹೂವಿನಿಂದ. ಅಷ್ಟು ಜನರ ಎದುರು ಅದನ್ನೂ ನಿನ್ನ ಹೆಸರಿಗೆ ಮಾಡ್ಕೊಂಡೆಯಲ್ಲ ಕುಂಞಿ!"