ಮೊದಲು ಫ್ಯಾನ್ ನಿಲ್ಲಿಸಿ

ಏಪ್ರಿಲ್‌ನಲ್ಲಿ ಬಸವಕಿರಣ್ ಹರಿಹರದ ನಮ್ಮ ಮನೆಗೆ ಫೋನ್ ಮಾಡಿದರು.

"ಅತ್ಗೆಮ್ಮ, ಕೈಪಿಡಿ ಮುಂದಿನ ವಾರ ಝೆರಾಕ್ಸಿಗೆ ಹೋಗ್ತೈತೆ. ಬಕ್ಕೇಶನ ಅಧ್ಯಾಯ ಕೈಬಿಡ್ತೀವಿ, ಬೇಜಾರ್ ಮಾಡ್ಕಬ್ಯಾಡ್ರಿ. ಅದರ ಪರೀಕ್ಷೆ ಆಗಿಲ್ಲ. ಬದ್ಲಿಗೆ ನಾನೇ ಒಂದು ಬರ್ದೀನಿ."

"ಪರೀಕ್ಷೆ ಮಾಡಿ."

"ಬರ್ದೋರು ಕೂರ್‍ಬೇಕಲ್ರಿ."

"ನಾನು ಕೂರ್ತೀನಿ," ಎಂದೆ.

ಬಕ್ಕೇಶ್ ನನ್ನ ಗಂಡ. ಜನವರಿಯಲ್ಲಿ ಕಾಮಾಲೆಯಿಂದ ತೀರಿಕೊಂಡರು. ಅದಕ್ಕೂ ಮುಂಚೆ, ಕಂಪ್ಯೂಟರನ್ನು ಫೋನ್ ಲೈನಿನ ಮೂಲಕ ಇಂಟರ್‌ನೆಟ್ಟಿಗೆ ಕೂಡಿಸುವ ಮೋಡೆಮ್ ಬಗೆಗಿನ ಅಧ್ಯಾಯ ಮುಗಿಸಿ ಫ್ಲಾಪಿಯಲ್ಲಿ ಕಳಿಸಿದ್ದರು. ಅವರು ಬರೆದದ್ದೆಂದು ಇರುವುದು ಅದೊಂದೇ.

ಕೈಪಿಡಿ ಲಿನಕ್ಸಿನದು. ಅದು ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ, ತಿದ್ದಬಹುದಾದ ಸಾಫ್ಟ್‌ವೇರ್. ಅದರ ವಿವರಣೆಯೆಲ್ಲ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಬರೆಯೋಣವೆಂದು ಕೆಲವರು ಭಾನುವಾರ ದಾವಣಗೆರೆಯ ಪಿ.ಜೆ. ಬಡಾವಣೆಯ ಬಸವಕಿರಣ್ ಅವರ ಕಂಪ್ಯೂಟರ್ ಕ್ಲಾಸಿನಲ್ಲಿ ಸೇರುತ್ತಿದ್ದರು. ಸಂಬಳವಿಲ್ಲ. ಕಟ್ಟಳೆ ಮಾತ್ರ ಇತ್ತು. ವಿಷಯ ಗೊತ್ತಿಲ್ಲದ ಒಬ್ಬರು ಅಧ್ಯಾಯವನ್ನು ಎದುರಿಗಿಟ್ಟುಕೊಂಡು, ಬರೆದದ್ದನ್ನಷ್ಟೇ ಮಾಡಬೇಕು. ಬರೆದವರು ಹಿಂದಿನ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂತಿರಬೇಕು. ತುಟಿ ಬಿಚ್ಚಿದರೆ ಅಧ್ಯಾಯ ಬಿದ್ದುಹೋದಂತೆ.

ಭಾನುವಾರ ಬಸ್ಸಿನಲ್ಲಿ ದಾವಣಗೆರೆಗೆ ಹೋದೆ. ಹಿಂದಿನ ಕುರ್ಚಿಯಲ್ಲಿ ಕೂತೆ. ಪರೀಕ್ಷೆಗೆ ಬಂದಿದ್ದವರು ಅಡತಿ ಅಂಗಡಿಯೊಂದರ ಟೈಪಿಸ್ಟ್ ನೂರ್‌ಜಹಾನ್. ಮೋಡೆಮ್ ಮುಟ್ಟಿದವರಲ್ಲ. ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು: "ಮೊದಲು ಫ್ಯಾನ್ ನಿಲ್ಲಿಸಿ." ಎದ್ದು ನಿಲ್ಲಿಸಿದರು.

"ಏನ್ರೀ ಇದು!" ಬಸವಕಿರಣ್ ನಕ್ಕರು. "ಗಾಳಿಗೂ ಫೋನಿಗೂ ಏನ್ ಸಂಬಂಧ? ನಮ್ಮನ್ನ ಬೇಯ್ಸಾಕೇ ಬರ್ದಾನೆ ಬಕ್ಕೇಶ."

"ಬರ್ದೈತೆ, ಮಾಡೀನಿ. ನೀವು ಸುಮ್ನಿರ್‍ರಿ," ಎಂದರು ನೂರ್‌ಜಹಾನ್.

ಕಾರಣ ನನಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತೆ.

ಅವರು ವೈರು ಸಿಕ್ಕಿಸಿದರು, ಬರೆದಿದ್ದನ್ನು ಅಕ್ಷರ ಬಿಡದೆ ಟೈಪ್ ಮಾಡಿದರು. ಎಂಗೇಜ್ ಬಂತು. ಮುಂದಿನ ಸಾಲು ಓದಿದರು: "ಎಂಗೇಜ್ ಬಂದರೆ ಗಾಬರಿಯಾಗಬೇಡಿ. ಚಹಾ ಕುಡಿದು ಮತ್ತೆ ಮಾಡಿ." ಕೈಕಟ್ಟಿ ಹಿಂದಕ್ಕೆ ಒರಗಿದರು.

"ಮಾಡ್ರಿ ಮತ್ತೆ," ಎಂದರು ಬಸವಕಿರಣ್.

"ಚಹಾ ಎಲ್ಲೈತೆ?"

"ನೂರ್‌ಜಹಾನವ್ರೆ..."

"ಬರ್ದಿದ್ದನ್ನಷ್ಟೇ ಮಾಡ್ಬೇಕು. ಕಟ್ಟಳೆ ಮಾಡಿದೋರು ನೀವೇ. ತರ್ಸ್ರಿ."

ಚಹಾ ಬಂತು. ಎಲ್ಲರೂ ಬೆವರುತ್ತ ಕುಡಿದರು. ಆಮೇಲೆ ಮೋಡೆಮ್ ಕಿರುಚಿತು, ಗೊರಗುಟ್ಟಿತು, ಕೂಡಿಕೊಂಡಿತು.

ಬಸವಕಿರಣ್ ಫ್ಯಾನ್ ಹಾಕಿ ಅದರ ಕೆಳಗೇ ನಿಂತರು. "ನಡೀತು, ಇಲ್ಲ ಅನ್ನಲ್ಲ. ಆದ್ರೆ ಇದನ್ನ ಅಚ್ಚು ಹಾಕಿದ್ರೆ ಜನ ನಗ್ತಾರೆ. ನಂದೇ ಇರ್ಲಿ."

"ನಿಮ್ದೂ ಓದೀನ್ರಿ. ಮೊದ್ಲನೇ ಪುಟಕ್ಕೇ ನಿದ್ದೆ ಬಂತು," ಎಂದರು ನೂರ್‌ಜಹಾನ್.

ಪರೀಕ್ಷೆ ಮುಗಿದಿತ್ತು. ಈಗ ಮಾತಾಡಬಹುದಿತ್ತು. ನಮ್ಮ ಮನೆಯಲ್ಲಿ ಫೋನಿನ ವೈರು ಫ್ಯಾನಿನ ರೆಗ್ಯುಲೇಟರ್‌ಗೆ ತಗಲಿಕೊಂಡೇ ಹೋಗಿದೆ, ಫ್ಯಾನ್ ತಿರುಗಿದರೆ ಲೈನಿನಲ್ಲಿ ಗುಂಯ್ ಅನ್ನುತ್ತದೆ, ಮೋಡೆಮ್ ಕೂಡಿಕೊಳ್ಳುವುದಿಲ್ಲ ಎಂದೆ. ನನ್ನ ಗಂಡ ಕಲಿತದ್ದು ಅಲ್ಲಿಯೇ. ಎಲ್ಲ ಮನೆಯಲ್ಲೂ ಹಾಗೇ ಅಂದುಕೊಂಡಿರಬೇಕು.

ನೂರ್‌ಜಹಾನ್ ಫ್ಯಾನ್ ಓಡುತ್ತಿರುವಾಗಲೇ ಮತ್ತೆ ಮೊದಲಿನಿಂದ ಮಾಡಿದರು. ಆಗಲೂ ಕೂಡಿಕೊಂಡಿತು.

"ಹಂಗಾರೆ ಆ ಸಾಲು ಒಂದೇ ತಪ್ಪು," ಎಂದರು. "ತೆಗ್ದುಬಿಡ್ರಿ."

ಬಸವಕಿರಣ್ ತಲೆ ಕೆರೆದುಕೊಂಡರು. "ನಾನು ತೆಗ್ಯಂಗಿಲ್ಲ. ಅಧ್ಯಾಯದ ಹೊಣೆ ಹೊತ್ತೋರೇ ತೆಗೀಬೇಕು. ಅವರ ಹೆಸರೂ ಹಾಕ್ಬೇಕು. ಓದ್ದೋರು ಏನರ ಕೇಳಿ ಮೇಲ್ ಮಾಡಿದ್ರೆ ಉತ್ರ ಬರೀಬೇಕು. ಅತ್ಗೆಮ್ಮ, ನಿಮಗೆ ಆಗ್ತೈತಾ ಅದು?"

ನಾನು ಓದಿದ್ದು ಎಂ.ಎ. ಅರ್ಥಶಾಸ್ತ್ರ. ಮನೆಯ ಕಂಪ್ಯೂಟರನ್ನು ಜನವರಿಯಿಂದ ಹಾಕಿರಲಿಲ್ಲ.

"ಗೊತ್ತಿಲ್ಲ," ಎಂದೆ. "ಏಳಿ, ಜಾಗ ಬಿಡಿ."

ಕೂತು, ಕರ್ಸರನ್ನು ಆ ಸಾಲಿನ ಕೊನೆಗೆ ಒಯ್ದೆ. ನಮ್ಮ ಮನೆಯಲ್ಲಿ ಫ್ಯಾನಿನ ಸ್ವಿಚ್ಚು ಅಡುಗೆಮನೆ ಬಾಗಿಲ ಪಕ್ಕ ಇತ್ತು. ನನ್ನ ಗಂಡ ಕೂತಲ್ಲಿಂದಲೇ "ಫ್ಯಾನ್" ಅಂತ ಕೂಗುತ್ತಿದ್ದರು. ನಿಲ್ಲಿಸುತ್ತಿದ್ದವಳು ನಾನು. ಅಧ್ಯಾಯದಲ್ಲಿ ನಾನು ಮಾಡುತ್ತಿದ್ದ ಕೆಲಸ ಅದೊಂದೇ ಇತ್ತು.

ಅಳಿಸಿದೆ. ಕೆಳಗಿನ ಸಾಲು ಮೇಲೆ ಬಂತು. ಅವರ ಹೆಸರಿನ ಕೆಳಗೆ ನನ್ನ ಹೆಸರು ಟೈಪ್ ಮಾಡಿದೆ: ಉಮಾಮಹೇಶ್ವರಿ, ಹರಿಹರ.

"ಚಹಾ?" ಎಂದು ಕೇಳಿದರು ಬಸವಕಿರಣ್.

"ಅದು ಇರಲಿ."

ಸಂಜೆ ಮನೆಗೆ ಬಂದು ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದೆ. ಇನ್ನು ಮುಂದೆ ಮೇಲ್ ನೋಡುತ್ತಿರಬೇಕಿತ್ತು. ಎದ್ದು ಹೋಗಿ ಫ್ಯಾನ್ ನಿಲ್ಲಿಸಿದೆ, ಬಂದು ಕೂತು ನಂಬರು ಹಚ್ಚಿದೆ.

ಎಂಗೇಜ್ ಬಂತು.

ಚಹಾಕ್ಕೆ ಇಟ್ಟೆ.